ದೇವರ ಚಿತ್ತ ಅಂದ್ರೆ ನಡೆದದ್ದೆಲ್ಲಾ ದೇವರೇ ಮಾಡಿದ್ದು ಅಂತಾನಾ?

ಅನು_ಹಾಸನ
ಎಲ್ಲರಿಗೂ ನಮಸ್ಕಾರ. ಇಲ್ಲಿ ಬೇರೆ ಬೇರೆ ಸಭೆಯವರು ಇದ್ದೀರಾ ಅಂತ ಧೈರ್ಯ ಮಾಡಿ ಕೇಳ್ತಿದೀನಿ. ನಮ್ಮಕ್ಕಂಗೆ ಏಳು ತಿಂಗಳು ತುಂಬಿತ್ತು, ಮಗು ಹೊಟ್ಟೇಲೇ ಹೋಯ್ತು. ಹೆಣ್ಣುಮಗು. ನೋಡೋಕೆ ಬಂದೋರೆಲ್ಲಾ, ಸಭೆಯವರಾಗ್ಲಿ ನೆಂಟರಾಗ್ಲಿ, ಹೇಳಿದ್ದು ಒಂದೇ ಮಾತು, "ದೇವರ ಚಿತ್ತ ಕಣಮ್ಮಾ, ಆತನಿಗೆ ಏನೋ ಉದ್ದೇಶ ಇರುತ್ತೆ". ಒಬ್ಬರು ರೋಮಾಪುರದವರಿಗೆ 8:28 ತೆಗೆದು ಓದಿ, ಎಲ್ಲಾ ಒಳ್ಳೇದಕ್ಕೇ ಆಗುತ್ತೆ ಅಂತ ಪ್ರಾರ್ಥನೆ ಮಾಡಿ ಹೋದ್ರು.

ಅಕ್ಕ ಅವರ ಮುಂದೆ ತಲೆ ಆಡಿಸಿದ್ಲು. ಆಮೇಲೆ ನನ್ನ ಕೇಳ್ತಾಳೆ, "ಇದನ್ನ ದೇವರು ಮಾಡಿದ್ದಾ, ಇಲ್ಲಾ ಆಗ್ಲಿ ಅಂತ ಬಿಟ್ಟಿದ್ದಾ? ಮಾಡಿದ್ದು ಅಂದ್ರೆ ಭಯ ಆಗುತ್ತೆ, ಬಿಟ್ಟಿದ್ದು ಅಂದ್ರೆ ಸಿಟ್ಟು ಬರುತ್ತೆ". ನನ್ನ ಹತ್ರ ಉತ್ತರ ಇಲ್ಲ. ನಾವು ಸಿಎಸ್‌ಐ (ದಕ್ಷಿಣ ಭಾರತ ಸಭೆ), ಆತನ ಅಪ್ಪಣೆ ಇಲ್ದೆ ಒಂದು ಎಲೇನೂ ಅಲ್ಲಾಡಲ್ಲ ಅಂತ ಸಂಡೇ ಸ್ಕೂಲಲ್ಲೇ ಕಲಿತು ಬೆಳೆದೋರು. ಈಗ ಆ ಮಾತೇ ಮನೇಲಿ ಗಂಟಲಿಗೆ ಸಿಕ್ಕೊಂಡಿದೆ. ಬರೀ ವಾಕ್ಯ ಹಾಕಿ ಹೋಗಬೇಡಿ ದಯವಿಟ್ಟು, ಯೋಚನೆ ಮಾಡಿ ಹೇಳಿ.

ಕರುಣಾ_ಬೆಂಗಳೂರು
ಓದಿ ತುಂಬಾ ಸಂಕಟ ಆಯ್ತು ಅನು. ಅಕ್ಕನ ಹೆಸರು ಹೇಳೋದು ಬೇಡ, ಪ್ರಾರ್ಥನೇಲಿ ನೆನೆಸ್ಕೋತೀನಿ.

ಕೃಪೆ_ಮಾತ್ರ
ಸಿಸ್ಟರ್, ನಿಮ್ಮ ಮನೆಯವರ ದುಃಖದಲ್ಲಿ ನಾನೂ ಇದ್ದೀನಿ. ನೇರವಾಗಿ ಕೇಳಿದ್ದೀರಾ, ನೇರವಾಗೇ ಹೇಳ್ತೀನಿ. ಬೈಬಲ್ ಪ್ರಕಾರ ದೇವರ ಸಂಕಲ್ಪದ ಹೊರಗೆ ಏನೂ ಇಲ್ಲ. ಎಫೆಸ 1:11 ನೋಡಿ, ಪ್ರಲಾಪಗಳು 3:37-38 ನೋಡಿ. "ಮಾಡಿದ್ದಲ್ಲ, ಸುಮ್ನೆ ಬಿಟ್ಟಿದ್ದು" ಅನ್ನೋ ದಾರೀನ 16ನೇ ಶತಮಾನದ ಪ್ರೊಟೆಸ್ಟಂಟ್ ಗುರು ಕ್ಯಾಲ್ವಿನ್ ಒಪ್ಪಲೇ ಇಲ್ಲ, ಅವರ ಗ್ರಂಥ 1559ರ ಇನ್ಸ್‌ಟಿಟ್ಯೂಟ್ಸ್‌ನ ಮೊದಲನೇ ಪುಸ್ತಕದ 18ನೇ ಅಧ್ಯಾಯದಲ್ಲಿ ಇದೇ ವಾದ ಇರೋದು. ದೇವರು ಕೈಕಟ್ಟಿ ನೋಡ್ತಾ ಕೂತಿದ್ದ ಅಂದ್ರೆ ಅಂಥ ದೇವರನ್ನ ನಂಬಿ ಮಲಗೋದಾದ್ರೂ ಹೇಗೆ?

ಹಾಗಂತ ದೇವರು ಪಾಪದ ಕರ್ತೃ ಅಂತ ಯಾರೂ ಹೇಳಿಲ್ಲ. ಕ್ಯಾಲ್ವಿನ್ ಕಡೆಯವರ ವಿಶ್ವಾಸದ ಹೇಳಿಕೆ ವೆಸ್ಟ್‌ಮಿನ್‌ಸ್ಟರ್ ಅರಿಕೆಯ 3ನೇ ಅಧ್ಯಾಯದಲ್ಲಿ ಅದನ್ನ ಬಿಡಿಸಿ ಬರೆದಿದ್ದಾರೆ, ದೇವರು ಎಲ್ಲವನ್ನೂ ನಿರ್ಣಯಿಸಿದ್ದಾನೆ, ಆದ್ರೂ ಪಾಪಕ್ಕೆ ಆತ ಕಾರಣ ಅಲ್ಲ, ಮನುಷ್ಯನ ಇಚ್ಛೆ ಮೇಲೆ ಬಲಾತ್ಕಾರ ಇಲ್ಲ, ಲೋಕದಲ್ಲಿರೋ ಬೇರೆ ಕಾರಣಗಳೂ ಸುಳ್ಳಲ್ಲ. 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರದ ಮೊದಲನೇ ಪ್ರಶ್ನೆಯೇ "ಬದುಕಲ್ಲೂ ಸಾವಲ್ಲೂ ನಿನಗಿರೋ ಒಂದೇ ಸಮಾಧಾನ ಏನು" ಅಂತ. ತಂದೆಯ ಚಿತ್ತ ಇಲ್ದೆ ನನ್ನ ತಲೆಯ ಒಂದು ಕೂದಲೂ ಉದುರಲ್ಲ ಅನ್ನೋದು ಅದರ ಉತ್ತರದಲ್ಲೇ ಬರುತ್ತೆ. ಈ ಸಿದ್ಧಾಂತ ಹುಟ್ಟಿದ್ದೇ ಸಮಾಧಾನ ಹೇಳೋಕೆ.

ರಿವೈವಲ್_ಶಿವಮೊಗ್ಗ
ಒಪ್ಪಲ್ಲ ಬ್ರದರ್. ಕದಿಯೋದು, ಕೊಲ್ಲೋದು, ಹಾಳುಮಾಡೋದು ಕಳ್ಳನ ಕೆಲಸ ಅಂತ ಯೋಹಾನ 10:10ರಲ್ಲಿ ಸ್ಪಷ್ಟವಾಗಿದೆ. ಮಗು ತೆಗೆಯೋದು ನಮ್ಮ ತಂದೆ ಕೆಲಸ ಅಲ್ಲ, ಅದು ಸೈತಾನಂದು. ಮನೆಯವರೆಲ್ಲಾ ಉಪವಾಸ ಮಾಡಿ ವಿಶ್ವಾಸದಲ್ಲಿ ನಿಂತಿದ್ರೆ ಕರ್ತನು ಖಂಡಿತ ಕಾರ್ಯ ಮಾಡ್ತಿದ್ದ.

ಕರುಣಾ_ಬೆಂಗಳೂರು
@ರಿವೈವಲ್_ಶಿವಮೊಗ್ಗ ಕೊನೇ ಸಾಲು ಇನ್ನೊಂದ್ಸಲ ಓದಿ. ಮಗು ಕಳ್ಕೊಂಡ ತಾಯಿಗೆ "ನಿನ್ನ ವಿಶ್ವಾಸ ಸಾಲಲಿಲ್ಲ" ಅಂತ ಹೇಳ್ತಿದೀರಾ ನೀವು. ಇದಕ್ಕಿಂತ ಆ "ದೇವರ ಚಿತ್ತ" ಅಂದವರೇ ವಾಸಿ.

ಧಾರವಾಡದ_ಅಜ್ಜ
ಎಲ್ಲಾರೂ ಒಂದೀಟು ನಿಧಾನ ಆಗ್ರಿ. ಯೋಬನ ಪುಸ್ತಕ ಓದಿರೇನು? ಮಕ್ಕಳು, ಆಸ್ತಿ ಎಲ್ಲಾ ಕಳಕೊಂಡಾಂವ ಅಂವ. ಅವನ ಮೂರು ಮಂದಿ ಗೆಳ್ಯಾರು ಬಂದು ಏಳು ದಿನ ಏಳು ರಾತ್ರಿ ನೆಲದ ಮ್ಯಾಲ ಅವನ ಬಾಜೂ ಕುಂತ್ರು, ಒಂದು ಮಾತೂ ಆಡ್ಲಿಲ್ಲ. 2:13ರಾಗ ಐತಿ. ಅಲ್ಲೀತನಕ ಎಲ್ಲಾ ಛಲೋ ಇತ್ತು. ಬಾಯಿ ತಗದು ದೇವರ ಪರವಾಗಿ ವಕೀಲಕಿ ಮಾಡಾಕ ಹತ್ತಿದ ಮ್ಯಾಲ ಕೆಟ್ಟಿದ್ದು. ಕಡೀಕ 42:7ರಾಗ ದೇವರು ಅವರ ಮ್ಯಾಲ ಸಿಟ್ಟಾದ, ನನ್ನ ದಾಸ ಯೋಬ ಆಡಿದಂಗ ನೀವು ನನ್ನ ಬಗ್ಗೆ ಸರಿಯಾಗಿ ಆಡ್ಲಿಲ್ಲ ಅಂದ. ಯೋಬ ಏನು ಆಡಿದ್ದ? ದೇವರ ಮ್ಯಾಲ ಫಿರ್ಯಾದಿ! ಫಿರ್ಯಾದಿ ಮಾಡಿದಾಂವ ಗೆದ್ದ, ದೇವರ ಪರ ಮಾತಾಡಿದಾರು ಬೈಸ್ಕೊಂಡ್ರು. ಅನು, ನಿಮ್ಮ ಅಕ್ಕಗ ಹೇಳು ತಂಗಿ, ಸಿಟ್ಟು ಬಂದ್ರ ಸಿಟ್ಟೇ ಮಾಡಲಿ, ಆದ್ರ ಆತನ ಮುಂದ ಮಾಡಲಿ.

ಮತ್ತ ಕೃಪೆ ತಮ್ಮಾ, ಪ್ರಲಾಪ 3:37 ಹಾಕಿಯಲ್ಲ, ಅದಕ್ಕ ನಾಕು ವಚನ ಮ್ಯಾಲ 33ನೇದು ಓದು. ಆತ ಮನಸಾರೆ ಮನುಷ್ಯರನ್ನ ನೋಯಿಸಂಗಿಲ್ಲ ಅಂತ ಅಲ್ಲೇ ಐತಿ. ಎರಡೂ ಕೂಡೇ ಓದಬೇಕು.

ಕೃಪೆ_ಮಾತ್ರ
ಅಂಕಲ್, 33ನೇ ವಚನ ನಾನೂ ಒಪ್ತೀನಿ. ಎರಡೂ ಒಂದೇ ಅಧ್ಯಾಯದಲ್ಲಿ ಇರೋದ್ರಿಂದಲೇ ಒಂದನ್ನ ಬಿಟ್ಟು ಇನ್ನೊಂದನ್ನ ಹಿಡಿಯೋಕೆ ಆಗಲ್ಲ ಅಂತ ನನ್ನ ವಾದ.

ಸ್ಟೆಲ್ಲಾ_ಕುಡ್ಲ
ನಾವು ಕಥೊಲಿಕರು, ನಮ್ಮಲ್ಲಿ ಇದನ್ನು ಸ್ವಲ್ಪ ಬೇರೆ ರೀತಿ ಹೇಳುವುದುಂಟು. 13ನೇ ಶತಮಾನದಲ್ಲೇ ಸಂತ ಥಾಮಸ್ ಅಕ್ವಿನಾಸ್ ಬರೆದದ್ದು, ಕೆಡುಕು ಆಗಬೇಕು ಅಂತ ದೇವರು ಬಯಸುವುದಿಲ್ಲ, ಆಗಲೇಬಾರದು ಅಂತ ತಡೆಯುವುದೂ ಇಲ್ಲ, ಆಗಲು ಬಿಡುವುದನ್ನು ಬಯಸುತ್ತಾನೆ, ಆ ಬಿಡುವುದು ಒಳ್ಳೆಯದು ಅಂತ. 1992ರ ಧರ್ಮೋಪದೇಶ ಗ್ರಂಥದಲ್ಲಿ ಕೂಡ ನೈತಿಕ ಕೆಡುಕಿಗೆ ದೇವರು ನೇರವಾಗಿಯೂ ಕಾರಣ ಅಲ್ಲ, ಸುತ್ತಿ ಬಳಸಿಯೂ ಕಾರಣ ಅಲ್ಲ ಅಂತ ಉಂಟು, ಮತ್ತೆ ಅಲ್ಲಿ ಯೋಸೇಫನ ಉದಾಹರಣೆ ಬರ್ತದೆ, ಅಣ್ಣಂದಿರು ಮಾರಿದ ಕೆಡುಕಿನಿಂದಲೂ ದೇವರು ಒಳ್ಳೆಯದು ತಂದದ್ದು.

ಇನ್ನೊಂದು ವಿಷಯ, ದೇವರ ಕೃಪೆ ಎಷ್ಟು, ಮನುಷ್ಯನ ಸ್ವಾತಂತ್ರ್ಯ ಎಷ್ಟು ಅಂತ ನಮ್ಮ ಸಭೆಯ ಎರಡು ಗುರುಸಂಘಗಳಾದ ದೊಮಿನಿಕನರಿಗೂ ಜೆಸ್ವಿತರಿಗೂ ಜಗಳ ಆಗಿ ರೋಮಿನಲ್ಲೇ ಸುಮಾರು ಹತ್ತು ವರ್ಷ ವಿಚಾರಣೆ ನಡೆದಿತ್ತು. 1607ರಲ್ಲಿ ಪೋಪ್ 5ನೇ ಪೌಲ್ ತೀರ್ಪೇ ಕೊಡಲಿಲ್ಲ, ಇಬ್ಬರೂ ಕಲಿಸಿ, ಒಬ್ಬರು ಇನ್ನೊಬ್ಬರನ್ನು ಪಾಷಂಡಿ ಅಂತ ಹೇಳಬೇಡಿ ಅಂದರು. ಅಷ್ಟು ದೊಡ್ಡ ದೊಡ್ಡ ಪಂಡಿತರು ಕೂತು ಬಗೆಹರಿಸದ್ದನ್ನು ಸಾವಿನ ಮನೆಗೆ ಬಂದವರು ಒಂದು ಮಾತಲ್ಲಿ ಮುಗಿಸಿಬಿಡ್ತಾರಲ್ಲಾ, ಅದು ನನಗೆ ತಡೆಯೋಕೆ ಆಗುವುದಿಲ್ಲ ಮಾರಾಯ್ರೆ.

ಉಡುಪಿ_ಓದುಗ
ನಾನು ಕ್ರೈಸ್ತ ಅಲ್ಲ, ಕುತೂಹಲಕ್ಕೆ ಓದ್ತಾ ಇದ್ದೆ. ಮಧ್ವಾಚಾರ್ಯರ ಮತದಲ್ಲಿ ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಅಂತ ಮೂರು ವರ್ಗ ಉಂಟು. ನಿಮ್ಮ ಕ್ಯಾಲ್ವಿನ್ ಹೇಳೋ ಪೂರ್ವನಿರ್ಣಯ, ಅಂದ್ರೆ ಯಾರಿಗೆ ರಕ್ಷಣೆ ಅಂತ ದೇವರು ಮೊದಲೇ ಆರಿಸಿದ್ದಾನೆ ಅನ್ನೋದು, ಅದಕ್ಕೆ ಹತ್ತಿರ ಬರ್ತದಲ್ವಾ? ಮತ್ತೆ "ದೇವರ ಚಿತ್ತ" ಅನ್ನೋದಕ್ಕೂ ನಾವು "ಹಣೆಬರಹ" ಅನ್ನೋದಕ್ಕೂ ವ್ಯತ್ಯಾಸ ಏನು?

ಕೃಪೆ_ಮಾತ್ರ
ಒಳ್ಳೇ ಪ್ರಶ್ನೆ ಸರ್. ಮೇಲಿಂದ ನೋಡಿದ್ರೆ ಹತ್ತಿರ ಕಾಣುತ್ತೆ. ನನಗೆ ತಿಳಿದಂತೆ ದ್ವೈತದಲ್ಲಿ ಆ ತಾರತಮ್ಯ ಜೀವದ ಸ್ವಭಾವದಲ್ಲೇ ಅನಾದಿಯಿಂದ ಇರೋದು. ಕ್ಯಾಲ್ವಿನ್ ಪ್ರಕಾರ ಎಲ್ಲರ ಸ್ವಭಾವವೂ ಒಂದೇ, ಎಲ್ಲರೂ ಬಿದ್ದವರೇ, ಆರಿಸೋದು ಬರೀ ಕೃಪೆ. ಜೀವ ಅನಾದಿ ಅಂತಾನೂ ನಾವು ಒಪ್ಪಲ್ಲ.

ಬೀದರ್_ಮೆಥಡಿಸ್ಟ್
ಎಲ್ಲಾ ಕ್ರೈಸ್ತರೂ ಕ್ಯಾಲ್ವಿನ್ ಕಡೆ ಅಂತ ತಿಳ್ಕೋಬೇಡಿ ಸರ್. ಈ ಪೂರ್ವನಿರ್ಣಯವನ್ನ ಪ್ರಶ್ನೆ ಮಾಡಿದ ಡಚ್ ಪಂಡಿತ ಅರ್ಮಿನಿಯಸ್ ಶಿಷ್ಯರು 1610ರಲ್ಲೇ ಐದು ಅಂಶ ಬರೆದು ವಿರೋಧ ಮಾಡಿದ್ರು, ಅದನ್ನ ತಳ್ಳಿಹಾಕೋಕೆ ಅಂತಾನೇ ಹಾಲೆಂಡಿನ ಡಾರ್ಟ್‌ನಲ್ಲಿ 1618-19ರಲ್ಲಿ ದೊಡ್ಡ ಸಭೆ ಸೇರಿತ್ತು. ಮೆಥಡಿಸ್ಟ್ ಚಳವಳಿ ಶುರು ಮಾಡಿದ ನಮ್ಮ ಜಾನ್ ವೆಸ್ಲಿ 1739ರಲ್ಲಿ ಇದರ ವಿರುದ್ಧ ಪ್ರಸಂಗ ಮಾಡಿ, ಕ್ಯಾಲ್ವಿನ್ ಕಡೆಯಿದ್ದ ಆಪ್ತ ಗೆಳೆಯ ವೈಟ್‌ಫೀಲ್ಡ್ ಜೊತೆ ಜಗಳಕ್ಕೆ ಬಿದ್ದರು. ಎಲ್ಲರೂ ರಕ್ಷಣೆ ಹೊಂದಬೇಕು ಅನ್ನೋದು ದೇವರ ಇಷ್ಟ, 1 ತಿಮೊಥೆ 2:4. ಯೇಸು ಯೆರೂಸಲೇಮನ್ನ ನೋಡಿ "ನಿನ್ನ ಮಕ್ಕಳನ್ನ ಸೇರಿಸ್ಕೋಬೇಕು ಅಂತ ಎಷ್ಟೋ ಸಲ ನನಗೆ ಮನಸ್ಸಿತ್ತು, ನಿಮಗೆ ಇರಲಿಲ್ಲ" ಅಂತ ದುಃಖಪಟ್ಟ. ಆತನಿಗೆ ಇಷ್ಟ ಇದ್ದದ್ದು ನಡೀಲಿಲ್ಲ ಅಲ್ವಾ ಅಲ್ಲಿ?

ಸ್ಟೆಲ್ಲಾ_ಕುಡ್ಲ
@ಉಡುಪಿ_ಓದುಗ ಹಣೆಬರಹದ ಜೊತೆ ನಾವು ವಾದ ಮಾಡ್ಲಿಕ್ಕೆ ಆಗುವುದಿಲ್ಲ, ಅಲ್ಲಿ ಕೇಳುವವರು ಯಾರೂ ಇಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸು ಮೊದಲು ಕೇಳಿದ್ದು "ಈ ಪಾತ್ರೆ ನನ್ನಿಂದ ತೆಗೆ" ಅಂತ. ಬೆವರು ಸುರಿಸಿ ಕೇಳಿದ. "ನಿನ್ನ ಚಿತ್ತವೇ ಆಗಲಿ" ಅಂದದ್ದು ಅದರ ನಂತರ. ನಮ್ಮವರು ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಬೇರೆಯವರ ಬಾಯಿಗೆ ಹಾಕ್ತಾರೆ.

ಥಿಯಾಲಜಿ_ವಿದ್ಯಾರ್ಥಿ
ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ. ಕನ್ನಡದವರಿಗೇ ಸಂಬಂಧಪಟ್ಟ ಒಂದು ಘಟನೆ ಹೇಳ್ಲೇಬೇಕು ಅನ್ನಿಸ್ತು.

1812 ಮಾರ್ಚ್ 11ರ ಸಂಜೆ ಬಂಗಾಳದ ಸೇರಾಂಪುರದಲ್ಲಿ ಇಂಗ್ಲೆಂಡಿನಿಂದ ಬಂದ ಮಿಷನರಿ ವಿಲಿಯಂ ಕೇರಿ ಅವರ ಮಿಷನ್ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಹೇಗೆ ಬಿತ್ತು ಅಂತ ಕೊನೆಗೂ ಗೊತ್ತಾಗಲಿಲ್ಲ. ಕೇರಿಯವರ ಜೊತೆಗಾರ ವಿಲಿಯಂ ವಾರ್ಡ್ ಅಲ್ಲೇ ಇದ್ದರು, ಆರಿಸೋಕೆ ಎಷ್ಟು ಒದ್ದಾಡಿದ್ರೂ ಆಗಲಿಲ್ಲ. ಕೇರಿ ಅವತ್ತು ಕಲ್ಕತ್ತಾದಲ್ಲಿದ್ದರು, ಫೋರ್ಟ್ ವಿಲಿಯಂ ಕಾಲೇಜಲ್ಲಿ ಪಾಠ ಹೇಳ್ತಿದ್ದರಲ್ಲ. ಮಾರನೇ ದಿನ ಬೆಳಿಗ್ಗೆ ಇನ್ನೊಬ್ಬ ಜೊತೆಗಾರ ಮಾರ್ಷ್‌ಮನ್ ಹೋಗಿ ಸುದ್ದಿ ಮುಟ್ಟಿಸಿದ್ರು. ಕಾಗದದ ದಾಸ್ತಾನು, ಎಷ್ಟೋ ಭಾಷೆಗಳ ಅಚ್ಚಿನ ಮೊಳೆಗಳು, ಬಂಗಾಳಿ ನಿಘಂಟಿನ ಹಾಳೆಗಳು, ತೆಲುಗು ವ್ಯಾಕರಣ ಎಲ್ಲಾ ಹೋಯ್ತು. ಆ ಬೂದಿಯಲ್ಲಿ ನಮ್ಮದೂ ಇತ್ತು, ಕೇರಿ ತಯಾರಿಸಿದ್ದ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ.

ಮುಂದಿನ ಭಾನುವಾರ ಕೇರಿ ಪ್ರಸಂಗಕ್ಕೆ ತಗೊಂಡದ್ದು ಕೀರ್ತನೆ 46:10, "ಶಾಂತರಾಗಿರಿ, ನಾನೇ ದೇವರೆಂದು ತಿಳಿಯಿರಿ". ಅದರಲ್ಲಿ ಎರಡು ಮಾತು ಹೇಳಿದ್ರು. ನಮ್ಮನ್ನ ತನಗೆ ಬೇಕಾದಂತೆ ನಡೆಸೋ ಹಕ್ಕು ದೇವರಿಗಿದೆ, ಅದಕ್ಕೆ ಒಪ್ಪಿಕೊಂಡು ನಡೆಯೋದು ನಮ್ಮ ಕೆಲಸ. ಆಮೇಲೆ ಕೂತು ಅನುವಾದ ಮತ್ತೆ ಶುರು ಮಾಡಿದ್ರು. ಒಂದ್ಸಲ ನಡೆದ ದಾರೀಲಿ ಎರಡನೇ ಸಲ ನಡೆಯೋದು ಸುಲಭ ಅಂತ ಬರೆದಿದ್ದಾರೆ. ಅಕ್ಷರ ಕೊರೆದ ಉಕ್ಕಿನ ಪಡಿಯಚ್ಚುಗಳು ಬೂದಿ ಕೆದಕಿದಾಗ ಕೆಡದೆ ಸಿಕ್ಕವು, ಅದರಿಂದ ಮೊಳೆಗಳನ್ನ ಮತ್ತೆ ಎರಕ ಹೊಯ್ದ್ರು. ಸುದ್ದಿ ಬ್ರಿಟನ್ನಿಗೆ ಮುಟ್ಟಿದ ಮೇಲೆ ಎರಡೇ ತಿಂಗಳ ಒಳಗೆ ಸುಮಾರು 10,000 ಪೌಂಡ್ ಚಂದಾ ಎದ್ದಿತು. ದೇವರ ಸಾರ್ವಭೌಮತ್ವ ನಂಬಿದ ಮನುಷ್ಯ ಹೇಗೆ ಬದುಕ್ತಾನೆ ಅನ್ನೋದಕ್ಕೆ ನನಗೆ ಕೇರಿಯೇ ಉದಾಹರಣೆ.

ರಿವೈವಲ್_ಶಿವಮೊಗ್ಗ
ಆಮೆನ್! ನೋಡಿ, ಬೆಂಕಿ ಬಿದ್ದದ್ದರಿಂದಲೇ ಮಿಷನ್ ಹೆಸರು ಎಲ್ಲಾ ಕಡೆ ಗೊತ್ತಾಯ್ತು, ಹಣ ಬಂತು. ದೇವರು ಸೈತಾನನ ಕೆಲಸಾನ ತಿರುಗಿಸಿ ಬಿಟ್ಟ.

ಕರುಣಾ_ಬೆಂಗಳೂರು
ಚಂದಾ ಬಂತು ಅಂತ ಬೆಂಕಿ ಒಳ್ಳೇದಾಯ್ತಾ? ಹಣ ಬರದೇ ಇದ್ದಿದ್ರೆ ಆಗ ಏನು ಹೇಳ್ತಿದ್ವಿ? ಕೈಗೆ ಲಾಭ ಸಿಕ್ಕ ಕಡೆ ಮಾತ್ರ ಉದ್ದೇಶ ಕಂಡುಹಿಡಿಯೋದು ನನಗೆ ಸರಿ ಅನ್ನಿಸಲ್ಲ. ಅನು ಅವರ ಅಕ್ಕನಿಗೆ ಯಾವ ಚಂದಾ ಬರುತ್ತೆ ಹೇಳಿ.

ಧಾರವಾಡದ_ಅಜ್ಜ
ಬರೋಬ್ಬರಿ ಕೇಳಿದಿ ಮಗಳ. ಕೇರಿ ಸಾಹೇಬ್ರು ಆ ಮಾತು ಹೇಳಿದ್ದು ತಮ್ಮ ಸ್ವಂತ ಬೂದಿ ಮುಂದ ನಿಂತು. ಬ್ಯಾರೇದವರ ಬೂದಿ ಮುಂದ ಹೋಗಿ ಹೇಳಲಿಲ್ಲ. ಇದರಾಗ ಭಾಳ ಫರಕ್ ಐತಿ.

ಥಿಯಾಲಜಿ_ವಿದ್ಯಾರ್ಥಿ
ಅಜ್ಜಾರ ಮಾತು ಒಪ್ದೆ. ಅದಕ್ಕೆ ಇನ್ನೊಂದು ಸೇರಿಸ್ತೀನಿ, ಪ್ರಸಂಗಗಳಲ್ಲಿ ಯಾರೂ ಹೇಳೋದೇ ಇಲ್ಲ. ಕೇರಿ ಇಂಡಿಯಾಕ್ಕೆ ಬಂದದ್ದು 1793ರಲ್ಲಿ. ಹೆಂಡತಿ ಡೊರೊತಿಗೆ ಬರೋಕೆ ಇಷ್ಟ ಇರಲಿಲ್ಲ, ಕೊನೇ ಗಳಿಗೆಯಲ್ಲಿ ಒಪ್ಪಿ ಹೊರಟ್ರು. ಮಾರನೇ ವರ್ಷವೇ ಅವರ ಐದು ವರ್ಷದ ಮಗ ಪೀಟರ್ ಆಮಶಂಕೆಯಿಂದ ತೀರಿಕೊಂಡ. ಡೊರೊತಿ ಮನಸ್ಸಿನ ಸ್ಥಿಮಿತ ಆಮೇಲೆ ಸರಿಹೋಗಲೇ ಇಲ್ಲ, 1807ರಲ್ಲಿ ಸಾಯೋವರೆಗೂ ಹಾಗೇ ಇದ್ದರು. ಪಕ್ಕದ ಕೋಣೇಲಿ ಹೆಂಡತಿ ನರಳ್ತಿದ್ದರೆ ಈ ಮನುಷ್ಯ ಅನುವಾದ ಮಾಡ್ತಿದ್ದ. ಬೆಂಕಿಯಲ್ಲಿ ಹೋದ ಹಸ್ತಪ್ರತಿ ಮತ್ತೆ ಬರೆದ್ರು, ಡೊರೊತಿಗೆ ಹೋದದ್ದು ವಾಪಸ್ ಬರಲಿಲ್ಲ. ದೇವರ ಉದ್ದೇಶ ಅಂತ ಕೇರಿ ಕಥೆ ಹೇಳೋರು ಡೊರೊತಿ ಕಥೇನೂ ಪಕ್ಕದಲ್ಲಿಟ್ಟು ಹೇಳಬೇಕು.

ಅನು_ಹಾಸನ
ಡೊರೊತಿ ವಿಷಯ ನನಗೆ ಗೊತ್ತೇ ಇರಲಿಲ್ಲ. ಸಂಡೇ ಸ್ಕೂಲಲ್ಲಿ ಕೇರಿ ಬಗ್ಗೆ ನಾಟಕಾನೇ ಮಾಡಿದ್ವಿ, ಆಯಮ್ಮನ ಹೆಸರೇ ಬರಲಿಲ್ಲ ಅದರಲ್ಲಿ.

ಬೀದರ್_ಮೆಥಡಿಸ್ಟ್
ಕೇರಿ ವಿಷಯ ಬಂತಲ್ಲ, ಅನ್ಯರಿಗೂ ಸುವಾರ್ತೆ ಸಾರಬೇಕಲ್ವಾ ಅಂತ ಕೇಳಿದಾಗ ಅವರ ಕ್ಯಾಲ್ವಿನಿಸ್ಟ್ ಹಿರಿಯರೇ "ಕೂತ್ಕೋ ಹುಡುಗಾ, ದೇವರಿಗೆ ಅನ್ಯರನ್ನ ರಕ್ಷಿಸಬೇಕಾದ್ರೆ ನಿನ್ನ ಸಹಾಯ ಬೇಕಿಲ್ಲ" ಅಂತ ಗದರಿದ್ರಂತೆ. ಸಾರ್ವಭೌಮತ್ವ ಜಾಸ್ತಿ ಆದ್ರೆ ಹೀಗೇ.

ಥಿಯಾಲಜಿ_ವಿದ್ಯಾರ್ಥಿ
ಆ ಕಥೆಗೆ ಗಟ್ಟಿ ಆಧಾರ ಇಲ್ಲ ಸರ್. ಹಾಗೆ ಗದರಿದ್ದು ಅಂತ ಹೇಳೋ ಹಿರಿಯ ರೈಲಂಡ್ ಅವರ ಮಗನೇ ಅದನ್ನ ಅಲ್ಲಗಳೆದಿದ್ದಾರೆ. ಆದ್ರೆ ಆ ತರದ ಯೋಚನೆ ಆಗ ಇತ್ತು ಅನ್ನೋದು ನಿಜ, ಅದಕ್ಕೇ ಕೇರಿ 1792ರಲ್ಲಿ ಒಂದು ಪುಸ್ತಿಕೆ ಬರೆದು, ದೇವರ ಕೆಲಸ ಮನುಷ್ಯರ ಪ್ರಯತ್ನದ ಮೂಲಕ ನಡೆಯುತ್ತೆ ಅಂತ ವಾದ ಮಾಡಿದ್ದು. ಕೇರಿ ಸ್ವತಃ ಕ್ಯಾಲ್ವಿನ್ ಕಡೆಯವರೇ, ಪರ್ಟಿಕ್ಯುಲರ್ ಬ್ಯಾಪ್ಟಿಸ್ಟ್.

ಬಳ್ಳಾರಿ_ಬಾಬು
ಕನ್ನಡ ಬೈಬಲ್ ವಿಷಯ ಬಂದ್ಮೇಲೆ ನಮ್ಮೂರು ಬಿಡೋದು ಹೇಗೆ. ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ 1810ರಲ್ಲೇ ಬಳ್ಳಾರಿಗೆ ಬಂದಿದ್ರು. ಸೇರಾಂಪುರದಲ್ಲಿ ಬೆಂಕಿ ಬಿದ್ದರೂ ಇಲ್ಲಿ ಕನ್ನಡದ ಕೆಲಸ ನಡೀತಾನೇ ಇತ್ತು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು.

ಸ್ಟೆಲ್ಲಾ_ಕುಡ್ಲ
ನಮ್ಮ ಊರಲ್ಲಿಯೂ ಅಂಥದ್ದೇ ಮಾತುಂಟು. ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದರು, ಶಾಲೆ, ಪ್ರೆಸ್ಸು, ಹಂಚಿನ ಕಾರ್ಖಾನೆ ಎಲ್ಲ ಕಟ್ಟಿದರು. ಮೊದಲನೇ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಹಿಡಿದು ಇಟ್ಟರು, ಆಮೇಲೆ ವಾಪಸ್ ಕಳಿಸಿದರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ನನ್ನ ಪ್ರೊಟೆಸ್ಟಂಟ್ ಗೆಳತಿ ಹೇಳುವುದು, ಅದರಿಂದಲೇ ಊರಿನ ಸಭೆ ಸ್ವಂತ ಕಾಲಲ್ಲಿ ನಿಲ್ಲಲು ಕಲಿಯಿತು, ಅದು ದೇವರ ಯೋಜನೆ ಅಂತ. ನನಗೆ ಹಾಗೆ ಹೇಳ್ಲಿಕ್ಕೆ ಹೆದರಿಕೆ. ಆ ಯುದ್ಧದಲ್ಲಿ ಲಕ್ಷಗಟ್ಟಲೆ ಜನ ಸತ್ತದ್ದು ನಮ್ಮ ಸಭೆಗೆ ಪಾಠ ಕಲಿಸಲಿಕ್ಕಾ?

ಕೃಪೆ_ಮಾತ್ರ
@ಸ್ಟೆಲ್ಲಾ_ಕುಡ್ಲ ಒಂದಕ್ಕೆ ಒಂದೇ ಉದ್ದೇಶ ಅಂತ ನಾವು ಯಾಕೆ ಅಂದ್ಕೋಬೇಕು? ಉದ್ದೇಶ ಇದೆ ಅಂತ ನಂಬೋದು ಬೇರೆ, ಅದು ಇಂಥದ್ದೇ ಅಂತ ಕಂಡುಹಿಡಿದೆ ಅನ್ನೋದು ಬೇರೆ. ಮೊದಲನೇದು ವಿಶ್ವಾಸ, ಎರಡನೇದನ್ನ ಯಾರೂ ನಮಗೆ ಕೊಟ್ಟಿಲ್ಲ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಾಗ ಯೇಸುವೇ "ಅವರು ಉಳಿದವರಿಗಿಂತ ಹೆಚ್ಚು ತಪ್ಪು ಮಾಡಿದ್ರು ಅಂದ್ಕೊಂಡ್ರಾ, ಇಲ್ಲ" ಅಂದ. ಯಾಕೆ ಬಿತ್ತು ಅಂತ ಹೇಳಲೇ ಇಲ್ಲ.

ಧಾರವಾಡದ_ಅಜ್ಜ
ಇದು ಖರೇ ಮಾತು ನೋಡು ತಮ್ಮಾ. ಇದನ್ನ ಮೊದಲ ಹೇಳಬೇಕಿತ್ತು ನೀ.

ರಿವೈವಲ್_ಶಿವಮೊಗ್ಗ
ಹಾಗಾದ್ರೆ ಪ್ರಾರ್ಥನೆ ಯಾಕೆ ಮಾಡಬೇಕು ಹೇಳಿ. ಎಲ್ಲಾ ಮೊದಲೇ ಬರೆದಿಟ್ಟಿದ್ರೆ ಸಾಯೋ ಹಾಗಿದ್ದ ಹಿಜ್ಕೀಯ ರಾಜ ಅತ್ತು ಬೇಡಿಕೊಂಡಾಗ ಹದಿನೈದು ವರ್ಷ ಆಯಸ್ಸು ಹೆಚ್ಚಾಗಿದ್ದು ಹೇಗೆ? ಯೆಶಾಯ 38.

ಬೀದರ್_ಮೆಥಡಿಸ್ಟ್
ಹಿಜ್ಕೀಯನಿಗೆ ಸಿಕ್ಕಿತು, ಅಪೊಸ್ತಲ ಪೌಲ ಮೂರು ಸಲ ಬೇಡಿಕೊಂಡ್ರೂ ಅವನು "ಶರೀರದ ಮುಳ್ಳು" ಅಂತ ಕರೆದ ಬಾಧೆ ಹೋಗಲಿಲ್ಲ. ಪೌಲನಿಗಿಂತ ಹಿಜ್ಕೀಯನ ವಿಶ್ವಾಸ ದೊಡ್ಡದಾ? ನೀವು ಮೊದಲು ಬರೆದದ್ದಕ್ಕೆ ಇದೇ ಉತ್ತರ.

ಹೊಸ_ಸದಸ್ಯ_42
ದಾವೀದನ ಮಗು ಸತ್ತದ್ದು ಓದಿ, 2 ಸಮುವೇಲ 12. ಅಲ್ಲಿ ದಾವೀದನ ಪಾಪ ಕಾರಣ ಇತ್ತಲ್ಲ. ನಿಮ್ಮ ಮನೇಲೂ ಪರೀಕ್ಷೆ ಮಾಡ್ಕೊಳ್ಳಿ.

ಥಿಯಾಲಜಿ_ವಿದ್ಯಾರ್ಥಿ
@ಹೊಸ_ಸದಸ್ಯ_42 ಇದನ್ನ ದಯವಿಟ್ಟು ಅಳಿಸಿ. ದಾವೀದನ ಹತ್ರ ನಾತಾನ ಪ್ರವಾದಿ ಬಂದು ದೇವರ ಮಾತು ಅಂತ ನಿಂತು ಹೇಳಿದ್ದ. ಅನು ಮನೆಗೆ ಯಾವ ನಾತಾನನೂ ಬಂದಿಲ್ಲ, ನೀವಂತೂ ನಾತಾನ ಅಲ್ಲ. ಹುಟ್ಟುಕುರುಡನನ್ನ ನೋಡಿ "ಪಾಪ ಮಾಡಿದ್ದು ಇವನಾ, ಇವನ ತಂದೆತಾಯೀನಾ" ಅಂತ ಶಿಷ್ಯರು ಕೇಳಿದಾಗ ಯೇಸು ಇಬ್ಬರೂ ಅಲ್ಲ ಅಂದ, ಯೋಹಾನ 9. ಪ್ರತಿ ಸಾವಿನ ಮನೆಗೂ ಶಿಷ್ಯರ ಆ ಪ್ರಶ್ನೇನೇ ಹೊತ್ಕೊಂಡು ಹೋಗ್ತೀವಿ ನಾವು.

ಕರುಣಾ_ಬೆಂಗಳೂರು
ಹೊಸ ವರ್ಷದ ರಾತ್ರಿ ಆರಾಧನೇಲಿ ವಾಗ್ದಾನ ಕಾರ್ಡ್ ಎತ್ತಿಸ್ತಾರಲ್ಲ, ಅದರಲ್ಲಿ ಪ್ರತಿ ವರ್ಷ ಯಾರಿಗಾದ್ರೂ ಯೆರೆಮೀಯ 29:11 ಬಂದೇ ಬರುತ್ತೆ. ಒಳ್ಳೇ ಭವಿಷ್ಯ ಕೊಡ್ತೀನಿ ಅಂತ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ, ಅದರ ಹಿಂದಿನ ವಚನದಲ್ಲೇ 70 ವರ್ಷ ಅಂತ ಇದೆ. ಕೇಳಿಸ್ಕೊಂಡವರಲ್ಲಿ ಎಷ್ಟೋ ಜನ ಅದನ್ನ ಕಣ್ಣಾರೆ ನೋಡದೇ ಅಲ್ಲೇ ಸತ್ತಿರ್ತಾರೆ. ಕಾರ್ಡಲ್ಲಿ 10ನೇ ವಚನಾನೂ ಅಚ್ಚು ಹಾಕಲಿ.

ಅನು_ಹಾಸನ
ಎಲ್ಲಾ ಉತ್ತರ ಅಕ್ಕಂಗೆ ಓದಿ ಹೇಳಿದೆ, 42 ಅವರದ್ದು ಬಿಟ್ಟು. ಯೋಬನ ವಿಷಯ ಎರಡು ಸಲ ಓದಿಸ್ಕೊಂಡ್ಲು. ಆಮೇಲೆ ಅವಳು ಕೇಳಿದ್ದು ಬೇರೇನೇ. ಮಗೂಗೆ ದೀಕ್ಷಾಸ್ನಾನ ಆಗಿಲ್ಲ, ಹೆಸರಿಲ್ಲ. ಆರಿಸಿಕೊಂಡೋರು, ಆರಿಸಿಕೊಳ್ಳದೋರು ಅಂತ ನೀವೆಲ್ಲಾ ಮಾತಾಡ್ತಿದೀರಲ್ಲಾ, ನನ್ನ ಮಗು ಎಲ್ಲಿ ಅಂತ. ಕೃಪೆ_ಮಾತ್ರ ಅವರೇ, ನೀವೇ ಹೇಳಿ.

ಕೃಪೆ_ಮಾತ್ರ
ಸಿಸ್ಟರ್, ಇದಕ್ಕೆ ನನ್ನ ಸ್ವಂತ ಮಾತು ಬೇಡ. ಬೀದರ್ ಅವರು ಮೇಲೆ ಡಾರ್ಟ್ ಸಭೆ ಅಂದ್ರಲ್ಲ, ಪೂರ್ವನಿರ್ಣಯದ ವಿಷಯದಲ್ಲಿ ಅದಕ್ಕಿಂತ ಕಟ್ಟುನಿಟ್ಟಿನ ಸಭೆ ಹುಡುಕೋದು ಕಷ್ಟ. ಅದೇ ಸಭೆ ಮೊದಲನೇ ಅಧ್ಯಾಯದ 17ನೇ ವಿಧಿಯಲ್ಲಿ ಬರೆದಿಟ್ಟಿದೆ, ಶೈಶವದಲ್ಲೇ ದೇವರು ಕರಕೊಂಡ ಮಕ್ಕಳನ್ನ ಆತ ಆರಿಸಿಕೊಂಡಿದ್ದಾನೆ, ರಕ್ಷಿಸಿದ್ದಾನೆ ಅನ್ನೋದರ ಬಗ್ಗೆ ಭಕ್ತಿಯುಳ್ಳ ತಂದೆತಾಯಿಗಳು ಸಂದೇಹ ಪಡಬಾರದು ಅಂತ. ದೀಕ್ಷಾಸ್ನಾನ ಆಗಿರಬೇಕು ಅಂತ ಷರತ್ತು ಅದರಲ್ಲಿ ಇಲ್ಲ.

ಕ್ಯಾಲ್ವಿನ್‌ಗೂ ಒಬ್ಬನೇ ಮಗ, ಜಾಕ್. 1542ರಲ್ಲಿ ಹುಟ್ಟಿದ ಸ್ವಲ್ಪದರಲ್ಲೇ ಹೋದ. ಗೆಳೆಯ ವಿರೆಗೆ ಬರೆದ ಪತ್ರದಲ್ಲಿ ಕರ್ತನು ನಮಗೆ ಆಳವಾದ, ಕಹಿಯಾದ ಗಾಯ ಮಾಡಿದ್ದಾನೆ ಅಂತಾನೇ ಬರೆದ್ರು, ಗಾಯ ಅಲ್ಲ ಅನ್ನಲಿಲ್ಲ. ಆತನೂ ತಂದೆ, ತನ್ನ ಮಕ್ಕಳಿಗೆ ಏನು ಬೇಕು ಅಂತ ಆತನಿಗೆ ಗೊತ್ತು ಅಂತ ಅದರ ಬೆನ್ನಿಗೇ ಬರೆದ್ರು. ಅಕ್ಕನಿಗೆ ಮೊದಲನೇ ಸಾಲಷ್ಟೇ ಈಗ ಹೇಳೋಕಾದ್ರೆ ಅಷ್ಟೇ ಹೇಳಲಿ.

ಸ್ಟೆಲ್ಲಾ_ಕುಡ್ಲ
ನಮ್ಮಲ್ಲಿಯೂ 2007ರಲ್ಲಿ ವ್ಯಾಟಿಕನ್ನಿನ ದೈವಶಾಸ್ತ್ರ ಆಯೋಗ ಇದೇ ವಿಷಯಕ್ಕೆ ಒಂದು ದಾಖಲೆ ಹೊರತಂದಿದೆ. ದೀಕ್ಷಾಸ್ನಾನ ಇಲ್ಲದೆ ತೀರಿಹೋದ ಮಕ್ಕಳೂ ರಕ್ಷಣೆ ಹೊಂದುತ್ತಾರೆ ಅಂತ ಆಶಿಸಲಿಕ್ಕೆ ಗಟ್ಟಿ ಕಾರಣಗಳುಂಟು ಅಂತ. ಅಕ್ಕನಿಗೆ ಹೇಳಿ ಅನು, ಹೆಸರಿಡಬಾರದು ಅಂತ ಎಲ್ಲಿಯೂ ಇಲ್ಲ, ಅವರಿಗೆ ಮನಸ್ಸಿದ್ದರೆ ಹೆಸರಿಡಲಿ.

ಅನು_ಹಾಸನ
ಓದಿ ಹೇಳ್ದೆ. ತುಂಬಾ ಹೊತ್ತು ಅತ್ಲು, ಆಮೇಲೆ ಹೆಸರಿಡ್ತೀನಿ ಅಂದ್ಲು. ಮನೆಯಲ್ಲೇ ಚಿಕ್ಕದಾಗಿ ಒಂದು ಪ್ರಾರ್ಥನೆ ಇಡೋಣ ಅಂತ. ಅಯ್ಯನವರು ಏನಾದ್ರೂ ಅಂದ್ಕೋತಾರಾ?

ಧಾರವಾಡದ_ಅಜ್ಜ
ಏನಂತಾರ, ಕೇಳಿ ನೋಡವಾ. ಪ್ರಸಂಗ ಬ್ಯಾಡ್ರಿ, ಒಂದು ಕೀರ್ತನೆ ಓದಿ ಪ್ರಾರ್ಥನೆ ಮಾಡಿದ್ರ ಸಾಕು ಅಂತ ಮೊದಲ ಹೇಳಿಬಿಡು. 88ನೇ ಕೀರ್ತನೆ ಓದಾಕ ಹೇಳು, ಅದು ಕಡೀತನಕ ಅಳೂದೇ ಐತಿ, ಸಮಾಧಾನದ ಮಾತು ತಂದು ಮುಗಿಸಿಲ್ಲ. ಅದೂ ಸತ್ಯವೇದದಾಗೇ ಐತಿ.

ಬೀದರ್_ಮೆಥಡಿಸ್ಟ್
ಕೃಪೆ ಬ್ರದರ್, 1 ತಿಮೊಥೆ 2:4ಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ. ಇಲ್ಲಿ ಬೇಡ, ಬೇರೆ ಪೋಸ್ಟ್ ಹಾಕಿ, ಅಲ್ಲಿಗೆ ಬರ್ತೀನಿ.

ಕೃಪೆ_ಮಾತ್ರ
ಆಯ್ತು ಸರ್, ನಾಳೆ ಹಾಕ್ತೀನಿ.